ಆಪ್ತಸಮಾಲೋಚನೆಯ ಮೂಲ ತತ್ತ್ವಗಳು: ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ

ಶಿರಸಿಯ ಕಡೆ ಸಲಹೆಗೆ ಬರವಿಲ್ಲ. ಸೋದರಮಾವ, ಪಕ್ಕದ ತೋಟದವರು, ಸೊಸೈಟಿಯ ಜಗಲಿಯಲ್ಲಿ ಕುಳಿತವರು, ಎಲ್ಲರ ಬಳಿಯೂ ಒಂದೊಂದು ಸಿದ್ಧವಿರುತ್ತದೆ. ಹಾಗಾಗಿ ಆಪ್ತಸಮಾಲೋಚನೆಯೆಂದರೆ ಸಂಬಳ ಪಡೆದು ಬುದ್ಧಿ ಹೇಳುವುದು ಎಂದುಕೊಂಡೇ ನಮ್ಮಲ್ಲಿ ಅನೇಕರು ಈ ವಿಷಯ ಓದಲು ಬರುತ್ತಾರೆ. ಆ ತಿಳಿವಳಿಕೆಯನ್ನು ಮೊದಲು ಬದಿಗಿಡಿ. ನೆರವು ಬಯಸಿ ಬಂದವರು ತಮ್ಮ ಸಮಸ್ಯೆಯನ್ನು ತಾವೇ ಬಿಡಿಸಿ ನೋಡಿ ತೀರ್ಮಾನಕ್ಕೆ ಬರುವಂತೆ, ತರಬೇತಿ ಪಡೆದವರೊಬ್ಬರು ಜೊತೆಗಿರುವ ವೃತ್ತಿಸಂಬಂಧ ಇದು. ಇದಕ್ಕೆ ಸಮಯದ ಮಿತಿಯಿದೆ, ಉದ್ದೇಶವಿದೆ, ನೀತಿಸಂಹಿತೆಯಿದೆ.

ಇತಿಹಾಸ ಎರಡೇ ಸಾಲು. 1908ರಲ್ಲಿ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಆರಂಭಿಸಿದ ಉದ್ಯೋಗ ಮಾರ್ಗದರ್ಶನ ಕೇಂದ್ರದಲ್ಲಿ ಈ ವೃತ್ತಿಯ ಒಂದು ಬೇರಿದೆ; 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅದನ್ನು ವ್ಯಕ್ತಿಕೇಂದ್ರಿತವಾಗಿಸಿದರು. ಬಂದವರಲ್ಲಿ ಬದಲಾವಣೆಯಾಗಲು ಬೇಕಾದ ಆರು ಷರತ್ತುಗಳನ್ನು ರೋಜರ್ಸ್ 1957ರ ಲೇಖನದಲ್ಲಿ ಹೇಳಿದ್ದರೂ ಪರೀಕ್ಷೆಗೆ ಬರುವುದು ಸಾಮಾನ್ಯವಾಗಿ ಮೂರೇ: ಪರಾನುಭೂತಿ (ಎದುರಿನವರ ಅನುಭವವನ್ನು ಅವರ ಕಣ್ಣಿನಿಂದಲೇ ಕಾಣುವುದು), ಷರತ್ತಿಲ್ಲದ ಗೌರವ, ಒಳಗೊಂದು ಹೊರಗೊಂದು ಇಲ್ಲದ ನಡೆ.

ಇವುಗಳಲ್ಲಿ ಪರಾನುಭೂತಿಯ ವ್ಯಾಖ್ಯೆ ಬರೆಯುವುದು ಸುಲಭ, ಮಾಡುವುದು ಕಷ್ಟ. ಬೆಂಗಳೂರಿನ ಕೆಲಸ ಬಿಟ್ಟು ಅಡಿಕೆ ತೋಟಕ್ಕೆ ಮರಳಿದ ಒಬ್ಬನೇ ಮಗ ಎದುರು ಕುಳಿತಿದ್ದಾನೆ ಎಂದುಕೊಳ್ಳಿ.

"ಅಪ್ಪ ಕೊಳೆರೋಗಕ್ಕೆ ಔಷಧಿ ಹೊಡೆಸುವ ಬಗ್ಗೆ ಮಾತ್ರ ಮಾತನಾಡುತ್ತಾರೆ, ಮೇಡಂ. ಮದುವೆಯ ಮಾತು ಬಂದರೆ ಎದ್ದು ಹೋಗುತ್ತಾರೆ."

"ಅಯ್ಯೋ ಪಾಪ" ಎಂದರೆ ಅದು ಮರುಕ. "ಅಪ್ಪನ ಜೊತೆ ಕುಳಿತು ನೇರವಾಗಿ ಮಾತನಾಡಿ" ಎಂದರೆ ಸಲಹೆ. "ಎಲ್ಲ ಸರಿಹೋಗುತ್ತದೆ" ಎನ್ನುವುದು ಮಾತನ್ನು ಅಲ್ಲಿಗೇ ಮುಗಿಸುವ ಉಪಾಯ. ಇನ್ನೊಂದು ಉತ್ತರ ನೋಡಿ: "ಮನೆಯಲ್ಲಿ ಮಗನಿಗಿಂತ ಕೆಲಸದವನಾಗಿ ಉಳಿದಿದ್ದೇನೆ ಎಂದು ನಿಮಗೆ ಅನ್ನಿಸುತ್ತಿದೆಯೇ?"

"ಹಾಗಲ್ಲ ಮೇಡಂ. ಹೆಣ್ಣು ಸಿಗುತ್ತಿಲ್ಲ ಎಂದು ಅವರಿಗೇ ನಾಚಿಕೆ. ನನ್ನ ಮುಖ ನೋಡಲು ಆಗುವುದಿಲ್ಲ."

ಸಮಾಲೋಚಕಿಯ ಊಹೆ ತಪ್ಪಾಯಿತು, ಆದರೂ ಕೆಲಸವಾಯಿತು. ಪ್ರಶ್ನೆಯ ರೂಪದಲ್ಲಿ ಹೇಳಿದ್ದರಿಂದ ಅವನಿಗೆ ತಿದ್ದಲು ಅವಕಾಶ ಸಿಕ್ಕಿತು, ತಿದ್ದುವಾಗ ಅಪ್ಪನ ಸಂಕಟವೂ ಅವನಿಗೆ ಕಾಣಿಸಿತು. ವಯಸ್ಸಿನಲ್ಲಿ ಕಿರಿಯನಾದರೂ 'ನೀವು' ಎಂದೇ ಕರೆದದ್ದನ್ನೂ ಗಮನಿಸಿ. ನಮ್ಮ ಕಡೆ 'ತಮ್ಮಾ' ಎಂದೊಡನೆ ಸಮಾಲೋಚಕಿ ಅಕ್ಕನಾಗಿಬಿಡುತ್ತಾಳೆ, ಅಕ್ಕನ ಮಾತನ್ನು ತೆಗೆದುಹಾಕುವುದು ಕಷ್ಟ.

ಸ್ವೀಕಾರ, ತೀರ್ಪು ನೀಡದಿರುವುದು, ಪ್ರತಿಯೊಬ್ಬರನ್ನೂ ಪ್ರತ್ಯೇಕ ವ್ಯಕ್ತಿಯಾಗಿ ಕಾಣುವುದು, ಇವೆಲ್ಲ ಪಠ್ಯದಲ್ಲಿರುವಂತೆಯೇ ಓದಿಕೊಂಡರೆ ಸಾಕು. ಸ್ವನಿರ್ಧಾರದ ಹಕ್ಕಿಗೆ ಮೇಲಿನ ಉದಾಹರಣೆಯನ್ನೇ ಬಳಸಿ: ತೋಟವೋ ಬೆಂಗಳೂರೋ ಎಂಬುದನ್ನು ಅವನೇ ನಿರ್ಧರಿಸಬೇಕು.

ನಮ್ಮ ಜಿಲ್ಲೆಯಲ್ಲಿ ನಿಜವಾದ ಪರೀಕ್ಷೆ ಗೋಪ್ಯತೆಯದು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ನಿಮ್ಮ ಬಳಿ ಬಂದು ಹೋದವರು ಸಿಕ್ಕರೆ, ಅವರು ಮೊದಲು ಮಾತನಾಡಿಸುವವರೆಗೆ ನೀವು ಮಾತನಾಡಿಸಬಾರದು. ಪಕ್ಕದ ಸೀಟಿನವರು "ಇವರು ನಿಮಗೆ ಹೇಗೆ ಪರಿಚಯ?" ಎಂದು ಕೇಳಿಯೇ ಕೇಳುತ್ತಾರೆ. ಬಂದವರು ನಂಟರಾಗಿದ್ದರೆ, ಮನೆಯವರ ಜೊತೆ ವ್ಯವಹಾರವಿದ್ದರೆ, ಬೇರೊಬ್ಬ ಸಮಾಲೋಚಕರ ಬಳಿ ಕಳುಹಿಸುವುದು ಉತ್ತಮ. ಹೆಸರು ಬಿಟ್ಟು ಕಥೆ ಹೇಳಿದರೂ ಅಪಾಯವೇ. ಊರು, ತೋಟದ ಗುರುತು ಹೇಳಿದರೆ ಸಾಕು, ಕೇಳಿದವರು ಮನೆಯನ್ನೇ ಪತ್ತೆ ಹಚ್ಚುತ್ತಾರೆ.

ಗೋಪ್ಯತೆಗೂ ಗಡಿಯಿದೆ. ಬಂದವರ ಅಥವಾ ಇತರರ ಜೀವಕ್ಕೆ ಅಪಾಯ ಕಂಡಾಗ ಸಂಬಂಧಪಟ್ಟವರಿಗೆ ತಿಳಿಸಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದನ್ನು ಮೊದಲ ಭೇಟಿಯಲ್ಲೇ, ಅವರು ಬಾಯಿ ಬಿಡುವ ಮುನ್ನವೇ ಹೇಳಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ಅದು ಮೋಸವೆನಿಸುತ್ತದೆ.

ಯಾರೂ ಇಲ್ಲದಿರುವಾಗಲೂ ದನಿ ಕೇಳಿಸುತ್ತದೆ ಎನ್ನುವವರು, ಸಾಯುವ ಯೋಚನೆ ಬಿಡದೆ ಕಾಡುತ್ತಿರುವವರು ಬಂದರೆ ಮನೋವೈದ್ಯರ ಬಳಿ ಕಳುಹಿಸುವುದೂ ಸಮಾಲೋಚಕರ ಕೆಲಸವೇ. ಘಟ್ಟದ ಮೇಲಿನ ಹಳ್ಳಿಯಿಂದ ಕಾರವಾರದ ಆಸ್ಪತ್ರೆಗೆ ಅರ್ಧ ದಿನದ ದಾರಿ. ಹೊರಡುವವರೆಗೆ ಮಾತನಾಡಲು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.