ಪದ ಪರಿಚಯ: ಹೊಂಚುಪಡೆ

ಒಂದು ದಳ ಊರಿನ ಹಿಂದೆ ಅಡಗಿರುತ್ತದೆ. ಇನ್ನೊಂದು ಎದುರಿನಿಂದ ಬಂದು, ಸೋತಂತೆ ನಟಿಸಿ ಓಡುತ್ತದೆ. ಬೆನ್ನಟ್ಟಿ ಹೊರಬಂದ ಶತ್ರು ಎರಡರ ನಡುವೆ ಸಿಕ್ಕಿಬೀಳುತ್ತಾನೆ. ಅಡಗಿ ಕೂತವರೇ ಹೊಂಚುಪಡೆ. ಬೈಬಲಿನಲ್ಲಿ ಈ ಕ್ರಮದ ಸವಿಸ್ತಾರ ವರ್ಣನೆ ಯೆಹೋಶುವನ ಗ್ರಂಥದ 8ನೇ ಅಧ್ಯಾಯದಲ್ಲಿದೆ. ಮೋಶೆಯ ನಂತರ ಇಸ್ರಾಯೇಲ್ಯರ ನಾಯಕನಾದ ಯೆಹೋಶುವನು ಕಾನಾನ್ ದೇಶದ ಆಯಿ ಎಂಬ ಪಟ್ಟಣವನ್ನು ಗೆದ್ದ ಕಥೆ ಅದು.

ದೇವರ ವಾಗ್ದಾನವನ್ನು ನಂಬಿದವರಿಗೆ ತಂತ್ರ ಏಕೆ ಬೇಕು ಎಂದು ಕೇಳುವವರು ಆ ಅಧ್ಯಾಯದ ಮೊದಲೆರಡು ವಚನಗಳನ್ನು ಒಟ್ಟಿಗೆ ಓದಬೇಕು. ಹೆದರಬೇಡ, ಆಯಿಯ ಅರಸನನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ ಎಂಬುದು ಒಂದು. ಪಟ್ಟಣದ ಹಿಂದೆ ಹೊಂಚುಹಾಕಿಸು ಎಂಬುದು ಇನ್ನೊಂದು. ಎರಡನ್ನೂ ಹೇಳಿದವನು ದೇವರೇ. ಹಾಗಾಗಿ ಇಲ್ಲಿ ತಂತ್ರ ಹೂಡುವುದು ಅಪನಂಬಿಕೆಯಲ್ಲ, ವಿಧೇಯತೆ.

ಇದಕ್ಕೆ ಮುಂಚೆ ಆಯಿಯಲ್ಲೇ ಒಂದು ಸೋಲಾಗಿತ್ತು. ಎರಡು ಮೂರು ಸಾವಿರ ಮಂದಿ ಸಾಕು ಎಂದರು ಗೂಢಚಾರರು. ಹೋದ ಸುಮಾರು 3,000 ಮಂದಿ ಹಿಮ್ಮೆಟ್ಟಿ ಓಡಿದರು, 36 ಮಂದಿ ಸತ್ತರು. ಗ್ರಂಥ ಕೊಡುವ ಕಾರಣ ಆಕಾನನೆಂಬ ಇಸ್ರಾಯೇಲ್ಯನ ಪಾಪ: ಮೊದಲು ಗೆದ್ದ ಯೆರಿಕೋ ಪಟ್ಟಣದಲ್ಲಿ ದೇವರಿಗೆ ಮೀಸಲಾಗಿ ಯಾರೂ ಮುಟ್ಟಬಾರದಿದ್ದ ವಸ್ತುಗಳಿಂದ ಒಂದು ನಿಲುವಂಗಿ, 200 ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿಯನ್ನು ಅವನು ಬಚ್ಚಿಟ್ಟಿದ್ದ. ಅದು ಬಗೆಹರಿಯುವ ತನಕ ಯಾವ ಯೋಜನೆಯೂ ಫಲಿಸುತ್ತಿರಲಿಲ್ಲ. ಆದರೆ ಆ ಸೋಲೇ ಎರಡನೇ ಯುದ್ಧದ ಬಂಡವಾಳವಾಯಿತು. ಇಸ್ರಾಯೇಲ್ಯರು ಓಡುವುದನ್ನು ಆಯಿಯವರು ಒಮ್ಮೆ ಕಂಡಿದ್ದರಿಂದ, ಮತ್ತೆ ಓಡಿದಾಗ ಅನುಮಾನಪಡುವುದಿಲ್ಲ. ಯೆಹೋಶುವನು ಇದನ್ನು 6ನೇ ವಚನದಲ್ಲಿ ಬಾಯಿಬಿಟ್ಟೇ ಹೇಳುತ್ತಾನೆ.

ವಿನ್ಯಾಸ ಹೀಗಿತ್ತು. ಹೊಂಚುಪಡೆ ರಾತ್ರಿಯಲ್ಲೇ ಹೊರಟು ಬೇತೇಲಿಗೂ ಆಯಿಗೂ ನಡುವೆ, ಪಶ್ಚಿಮದಲ್ಲಿ ಅಡಗಿತು. ಮುಖ್ಯ ಸೈನ್ಯ ಉತ್ತರದಲ್ಲಿ ಪಾಳೆಯ ಹಾಕಿತು. ಅದಕ್ಕೂ ಪಟ್ಟಣಕ್ಕೂ ನಡುವೆ ಒಂದು ಕಣಿವೆ. ಹೊಂಚಿನವರ ಸಂಖ್ಯೆ 3ನೇ ವಚನದಲ್ಲಿ 30,000, 12ನೇ ವಚನದಲ್ಲಿ ಸುಮಾರು 5,000. ಇವು ಎರಡು ದಳಗಳೋ, ಒಂದೇ ದಳದ ಎರಡು ಲೆಕ್ಕವೋ ಎಂಬಲ್ಲಿ ವ್ಯಾಖ್ಯಾನಕಾರರು ಒಮ್ಮತಕ್ಕೆ ಬಂದಿಲ್ಲ. ಅಡಗಿದವರಿಗೆ ಕೊಟ್ಟ ಕಟ್ಟಪ್ಪಣೆ ಮಾತ್ರ ಸ್ಪಷ್ಟ: ಪಟ್ಟಣದಿಂದ ಬಹುದೂರ ಹೋಗಬೇಡಿ, ಎಲ್ಲರೂ ಸಿದ್ಧರಾಗಿರಿ. ದೂರವಿದ್ದರೆ ಬಾಗಿಲು ತೆರೆದ ಆ ಸ್ವಲ್ಪ ಹೊತ್ತಿನಲ್ಲಿ ಒಳನುಗ್ಗಲಾಗದು. ಬೇಗ ಎದ್ದರೆ ಶತ್ರು ಊರಿಗೆ ಮರಳುತ್ತಾನೆ. ಅದಕ್ಕೇ ಯೆಹೋಶುವನು ಈಟಿ ಚಾಚುವುದು ಸಂಕೇತವಾಯಿತು. ಅದಾದೊಡನೆ ಹೊಂಚುಪಡೆ ಊರು ಹಿಡಿದು ಬೆಂಕಿಯಿಟ್ಟಿತು. ಮೇಲೆದ್ದ ಹೊಗೆ ನೋಡಿ ಓಡುತ್ತಿದ್ದವರು ತಿರುಗಿ ನಿಂತರು.

ಇದರಲ್ಲಿ ಕಷ್ಟದ ಕೆಲಸ ಅಡಗುವವರದ್ದಲ್ಲ, ಓಡುವವರದ್ದು ಎಂದೇ ನನ್ನ ಅಭಿಪ್ರಾಯ. ಒಮ್ಮೆ ನಿಜವಾಗಿ ಸೋತ ಜಾಗದಲ್ಲಿ ಶತ್ರುವಿಗೆ ಬೆನ್ನು ತೋರಿಸಿ ಓಡುವಾಗ, ನಟನೆ ನಿಜವಾದ ದಿಗಿಲಾಗಿ ಸೈನ್ಯ ಚದುರಿಹೋಗಬಹುದು. ಫಲಿತಾಂಶ ಮೊದಲೇ ನಿಶ್ಚಯವಾಗಿದೆ ಎಂಬ ನಂಬಿಕೆ ಕೆಲಸಕ್ಕೆ ಬರುವುದು ಅಲ್ಲೇ. ವಾಗ್ದಾನವಿಲ್ಲದೆ ಆ ತಂತ್ರ ಹೂಡುವ ಧೈರ್ಯ ಬರುವುದೇ ಕಷ್ಟ.

ಎಲ್ಲ ಯುದ್ಧಕ್ಕೂ ಇದೇ ಅಚ್ಚಲ್ಲ. ಯೆರಿಕೋವಿನಲ್ಲಿ ಪಟ್ಟಣಕ್ಕೆ ಸುತ್ತು ಹಾಕಿ, ಕೊಂಬೂದಿ, ಆರ್ಭಟಿಸುವುದಷ್ಟೇ ಅಪ್ಪಣೆ. ಬೈಬಲಿನ ಅರಣ್ಯಕಾಂಡದ 14ನೇ ಅಧ್ಯಾಯದಲ್ಲಿ, ಮೋಶೆ ಬೇಡವೆಂದರೂ ಯುದ್ಧಕ್ಕೆಂದು ಬೆಟ್ಟ ಹತ್ತಿದವರಿಗೆ, ದೇಶವನ್ನು ಕೊಡುವೆನೆಂಬ ದೇವರ ಹಳೆಯ ವಾಗ್ದಾನ ಆಸರೆಯಾಗಲಿಲ್ಲ.

ಆಯಿಗೆ ನಿಜವಾದ ಜೋಡಿ ನ್ಯಾಯಸ್ಥಾಪಕರ ಗ್ರಂಥದ 20ನೇ ಅಧ್ಯಾಯದ ಗಿಬೆಯ, ಬೆನ್ಯಾಮೀನ್ ಕುಲದ ಪಟ್ಟಣ. ಆ ಕುಲದ ಮೇಲೆ ಉಳಿದ ಇಸ್ರಾಯೇಲ್ಯರು ಯುದ್ಧಕ್ಕೆ ಹೋಗಿದ್ದರು. ಅಲ್ಲಿ ಮೊದಲ ದಿನ 22,000, ಎರಡನೇ ದಿನ 18,000 ಇಸ್ರಾಯೇಲ್ಯರು ಬಿದ್ದರು. ಉಪವಾಸ, ಬಲಿಗಳ ನಂತರವೇ, ನಾಳೆ ಅವರನ್ನು ನಿಮ್ಮ ಕೈಗೆ ಒಪ್ಪಿಸುವೆನು ಎಂಬ ಮಾತು ಸಿಕ್ಕಿತು. ಮರುವಚನದಲ್ಲೇ ಅವರು ಗಿಬೆಯದ ಸುತ್ತ ಹೊಂಚುಹಾಕುತ್ತಾರೆ. ಇಲ್ಲೂ ಓಡುವವರು ತಿರುಗಿ ನಿಲ್ಲಲು ಸಂಕೇತ ಹೊಗೆಯೇ. ಆದರೆ ಹೊಂಚುಹಾಕಿರೆಂದು ದೇವರು ಹೇಳಿದ್ದಾಗಿ ಅಲ್ಲಿ ಬರೆದಿಲ್ಲ. ವಾಗ್ದಾನ ಕೇಳಿದ ಮೇಲೆ ಉಪಾಯವನ್ನು ಅವರೇ ಹೂಡಿದರು.