ಕಂಟೆಂಪ್ಟ್: ಅರ್ಥ, ಬಳಕೆ, ಅನುವಾದದ ತೊಡಕುಗಳು

‘ಕಂಟೆಂಪ್ಟ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟು ತೆರೆದರೆ ತಿರಸ್ಕಾರ, ಅವಜ್ಞೆ, ಉಪೇಕ್ಷೆ, ತಾತ್ಸಾರ, ನಿಂದನೆ ಎಂದು ಸಾಲು ಸಾಲು ಪದಗಳು ಸಿಗುತ್ತವೆ. ಒಂದೊಂದೂ ಒಂದೊಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯಲು ಮೊದಲು ಪದದ ತಿರುಳನ್ನು ಹಿಡಿಯಬೇಕು. ಒಬ್ಬ ವ್ಯಕ್ತಿಯನ್ನೋ, ಅಭಿಪ್ರಾಯವನ್ನೋ, ನಿಯಮವನ್ನೋ ‘ಇದು ಲೆಕ್ಕಕ್ಕೇ ಇಲ್ಲ’ ಎಂದು ಕಾಣುವುದೇ ಕಂಟೆಂಪ್ಟ್. ಅದರಲ್ಲಿ ಕೋಪ ಇರಲೇಬೇಕೆಂದಿಲ್ಲ, ದ್ವೇಷವೂ ಬೇಕಾಗಿಲ್ಲ. ಎದುರಿನವರು ತನಗಿಂತ ಕೀಳು, ಗಮನ ಕೊಡಲೂ ಯೋಗ್ಯರಲ್ಲ ಎಂಬ ತೀರ್ಮಾನ ಇದ್ದರೆ ಸಾಕು. ‘ಕಾಲಕಸಕ್ಕಿಂತ ಕಡೆಯಾಗಿ ಕಾಣುವುದು’ ಎಂಬ ನಮ್ಮ ನುಡಿಗಟ್ಟು ಇದಕ್ಕೆ ತೀರಾ ಹತ್ತಿರ.

ಪದದ ಮೂಲವೂ ಇದನ್ನೇ ಹೇಳುತ್ತದೆ. ಲ್ಯಾಟಿನ್ನಿನ ‘ಟೆಮ್ನೆರೆ’ ಎಂದರೆ ಕಡೆಗಣಿಸು. ಅದರ ಹಿಂದೆ ಒತ್ತು ಕೊಡುವ ಉಪಸರ್ಗ ಸೇರಿ ‘ಕಾಂಟೆಮ್ನೆರೆ’ ಆಯಿತು. ಅದರಿಂದ ಹುಟ್ಟಿದ ನಾಮಪದ 14ನೇ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. 1651ರಲ್ಲಿ ತತ್ತ್ವಜ್ಞಾನಿ ಥಾಮಸ್ ಹಾಬ್ಸ್, ನಾವು ಬಯಸದ, ದ್ವೇಷಿಸಲೂ ಹೋಗದ ಸಂಗತಿಗಳ ಬಗೆಗಿನ ಮನೋಭಾವವನ್ನು ಇದೇ ಪದದಿಂದ ಕರೆದ. ಅವನ ಪ್ರಕಾರ ಅದು ಹೃದಯ ಅಲುಗಾಡದೆ ನಿಲ್ಲುವ ಸ್ಥಿತಿ. ಇಂದಿನ ಬಳಕೆಯಲ್ಲಿ ಕೀಳಾಗಿ ಕಾಣುವ ಛಾಯೆ ದಟ್ಟವಾಗಿದೆ, ಆದರೂ ಹಳೆಯ ಅರ್ಥ ಸತ್ತಿಲ್ಲ. ಸೈನಿಕನೊಬ್ಬನಿಗೆ ‘ಕಂಟೆಂಪ್ಟ್ ಫಾರ್ ಡೇಂಜರ್’ ಇತ್ತು ಎಂದರೆ ಅದು ಹೊಗಳಿಕೆ. ‘ಅಪಾಯದ ಬಗ್ಗೆ ತಿರಸ್ಕಾರ’ ಎಂದು ಅನುವಾದಿಸಿದರೆ ವಾಕ್ಯ ಕೆಡುತ್ತದೆ. ‘ಅಪಾಯವನ್ನು ಲೆಕ್ಕಿಸದವನು’ ಎಂದರೆ ಮುಗಿಯಿತು.

ಹತ್ತಿರದ ಪದಗಳಿಂದ ಇದನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ‘ಡಿಸ್‌ರೆಸ್ಪೆಕ್ಟ್’ ಎಂದರೆ ತೋರಬೇಕಾದ ಗೌರವವನ್ನು ತೋರದಿರುವುದು. ಅದು ಅಜ್ಞಾನದಿಂದಲೂ ಆಗಬಹುದು, ಕ್ಷಮೆ ಕೇಳಿದರೆ ಮುಗಿಯಲೂಬಹುದು. ‘ಇನ್ಸಲ್ಟ್’ ಒಂದು ಮಾತು ಅಥವಾ ಕ್ರಿಯೆ, ಕಂಟೆಂಪ್ಟ್ ಅದರ ಹಿಂದಿರುವ ಭಾವ. ‘ಡಿಸ್‌ಡೇನ್’ನಲ್ಲಿ ತನ್ನ ಅಂತಸ್ತಿನ ಪ್ರಜ್ಞೆ ಹೆಚ್ಚು, ಮೂಗು ಮುರಿದು ದೂರ ನಿಲ್ಲುವ ರೀತಿ. ‘ಸ್ಕಾರ್ನ್’ ಸಾಮಾನ್ಯವಾಗಿ ಬಾಯಿಗೆ ಬಂದೇ ಬರುತ್ತದೆ, ಅದರಲ್ಲಿ ಗೇಲಿಯೂ ಬೆರೆತಿರುತ್ತದೆ. ಇನ್ನು ದ್ವೇಷಿಸುವವನು ಎದುರಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ, ಅವನ ಬಗ್ಗೆ ಹಗಲಿರುಳು ಯೋಚಿಸುತ್ತಾನೆ. ಕಂಟೆಂಪ್ಟ್ ಇರುವವನಿಗೆ ಆ ಯೋಚನೆಯೂ ದಂಡ. ಎಷ್ಟೋ ಸಲ ದ್ವೇಷಕ್ಕಿಂತ ಇದು ಹೆಚ್ಚು ನೋಯಿಸುವುದಕ್ಕೆ ಕಾರಣ ಇಲ್ಲಿದೆ.

ಮುಖದಲ್ಲಿ ಇದು ಕಾಣುವ ಬಗೆಯೂ ವಿಶಿಷ್ಟ. ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸೆನ್ 1986ರಲ್ಲಿ ಕಂಟೆಂಪ್ಟಿನ ಮುಖಭಾವವನ್ನು ವಿವರಿಸಿದರು: ತುಟಿಯ ಒಂದು ಕೊನೆ ಮಾತ್ರ ಬಿಗಿಯಾಗಿ ಸ್ವಲ್ಪ ಮೇಲೇರುತ್ತದೆ. ಇನ್ನೊಂದು ಕೊನೆ ಇದ್ದಂತೆಯೇ ಇರುತ್ತದೆ. ‘ತುಟಿ ಕೊಂಕಿಸಿದ’ ಎಂದು ಕನ್ನಡದಲ್ಲಿ ಹೇಳುವುದು ಇದನ್ನೇ. ದಾಂಪತ್ಯದ ಮಾತುಕತೆಗಳನ್ನು ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಸಂಬಂಧ ಕೆಡಿಸುವ ನಾಲ್ಕು ನಡವಳಿಕೆಗಳಲ್ಲಿ ವಿಚ್ಛೇದನದ ಅತಿ ಬಲವಾದ ಮುನ್ಸೂಚನೆ ಇದೇ ಎಂದು ಗುರುತಿಸಿದ್ದಾರೆ. ಅಣಕ, ಚುಚ್ಚುಮಾತು, ಕಣ್ಣಾಲಿ ತಿರುಗಿಸುವುದು ಇದರ ಲಕ್ಷಣಗಳು. ‘ನೀನು ಹೇಳಿದ ಕೆಲಸ ಮಾಡಲಿಲ್ಲ’ ಎಂದರೆ ದೂರು. ‘ನಿನ್ನಂಥವರಿಂದ ಇನ್ನೇನಾದೀತು’ ಎಂದರೆ ಕಂಟೆಂಪ್ಟ್.

ಕಾನೂನಿನ ಬಳಕೆಯಲ್ಲೇ ಹೆಚ್ಚು ಗೊಂದಲ. ‘ಕಂಟೆಂಪ್ಟ್ ಆಫ್ ಕೋರ್ಟ್’ಗೆ ನಮ್ಮಲ್ಲಿ ನ್ಯಾಯಾಂಗ ನಿಂದನೆ ಎಂಬ ಪದ ನೆಲೆಯೂರಿದೆ. ‘ನಿಂದನೆ’ ಎಂದ ಕೂಡಲೇ ಯಾರೋ ನ್ಯಾಯಾಧೀಶರನ್ನು ಬೈದಿರಬೇಕು ಎಂದು ಓದುಗರು ತಿಳಿಯುತ್ತಾರೆ. ಆದರೆ ಬೈಗುಳದ ಸುಳಿವೇ ಇಲ್ಲದ ಪ್ರಕರಣಗಳೂ ಇದೇ ಹೆಸರಿನಡಿ ಬರುತ್ತವೆ. ಇಂತಿಷ್ಟು ದಿನದೊಳಗೆ ದಾಖಲೆ ಸಲ್ಲಿಸಿ ಎಂದು ನ್ಯಾಯಾಲಯ ಆದೇಶಿಸಿದರೂ ಬೇಕೆಂದೇ ಸಲ್ಲಿಸದಿದ್ದರೆ, ಬಾಯಲ್ಲಿ ಎಷ್ಟೇ ವಿನಯವಿದ್ದರೂ ಅದು ಕಂಟೆಂಪ್ಟ್. ಆದೇಶವನ್ನು ಲೆಕ್ಕಕ್ಕಿಡಲಿಲ್ಲ ಎಂಬುದೇ ಅಪರಾಧ. ಸಂಸತ್ತಿಗೂ ಇದೇ ಮಾತು. 2018ರ ಡಿಸೆಂಬರ್ 4ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 311–293 ಮತಗಳಿಂದ ಸರ್ಕಾರವನ್ನೇ ‘ಕಂಟೆಂಪ್ಟ್ ಆಫ್ ಪಾರ್ಲಿಮೆಂಟ್’ನ ತಪ್ಪಿತಸ್ಥ ಎಂದು ತೀರ್ಮಾನಿಸಿತು. ಕಾರಣ, ಬ್ರೆಕ್ಸಿಟ್ ಕುರಿತ ಕಾನೂನು ಸಲಹೆಯನ್ನು ಸದನ ಕೇಳಿದ್ದರೂ ಸರ್ಕಾರ ಪೂರ್ತಿಯಾಗಿ ಪ್ರಕಟಿಸಿರಲಿಲ್ಲ.

ಸುದ್ದಿ ಅನುವಾದಿಸುವವರು ಎಡವುವ ಜಾಗ ‘ಹೆಲ್ಡ್ ಇನ್ ಕಂಟೆಂಪ್ಟ್’. ಸಾಮಾನ್ಯ ಬರಹದಲ್ಲಿ ಇದಕ್ಕೆ ‘ಕೀಳಾಗಿ ಕಂಡರು’ ಎಂಬ ಅರ್ಥ. ನ್ಯಾಯಾಲಯದ ವರದಿಯಲ್ಲಿ ‘ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ತೀರ್ಮಾನಿಸಿತು’ ಎಂಬ ಅರ್ಥ. ಎರಡನ್ನೂ ಬೆರೆಸಿದರೆ ‘ನ್ಯಾಯಾಲಯ ಅಧಿಕಾರಿಯನ್ನು ಕೇವಲವಾಗಿ ಕಂಡಿತು’ ಎಂಬ ಅನಾಹುತ ಅಚ್ಚಾಗುತ್ತದೆ. ‘ಪರ್ಜ್ ದ ಕಂಟೆಂಪ್ಟ್’ ಎಂದು ಬಂದರೆ, ಆದೇಶ ಪಾಲಿಸಿ ಅಥವಾ ಕ್ಷಮೆ ಯಾಚಿಸಿ ಆ ತಪ್ಪಿನಿಂದ ಮುಕ್ತರಾಗುವುದು ಎಂದು ಬಿಡಿಸಿ ಬರೆಯಬೇಕು.

ವ್ಯಾಕರಣ ಸರಳ. ಇದು ನಾಮಪದ ಮಾತ್ರ, ‘ಐ ಕಂಟೆಂಪ್ಟ್ ಹಿಮ್’ ಎಂಬುದು ತಪ್ಪು. ಕ್ರಿಯಾಪದ ಬೇಕಿದ್ದರೆ ‘ಡಿಸ್‌ಪೈಸ್’ ಬಳಸಬೇಕು. ‘ಕಂಟೆಮ್ನ್’ ಎಂಬ ಕ್ರಿಯಾಪದ ಇದ್ದರೂ ಈಗ ಅಪರೂಪ. ವ್ಯಕ್ತಿ ಅಥವಾ ವಿಷಯದ ಬಗೆಗಾದರೆ ‘ಫಾರ್’, ಕೋರ್ಟು, ಸಂಸತ್ತುಗಳಿಗೆ ‘ಆಫ್’. ಉಚ್ಚಾರದಲ್ಲಿ ಒತ್ತು ಎರಡನೆಯ ಭಾಗದ ಮೇಲೆ. ಕೊನೆಯ ‘ಟ್’ಗೆ ಮುಂಚಿನ ‘ಪ್’ ಅಷ್ಟಾಗಿ ಕೇಳಿಸದ ಕಾರಣ ಬರೆಯುವಾಗ ಅದನ್ನು ಬಿಟ್ಟುಬಿಡುವವರಿದ್ದಾರೆ.

ವಿಶೇಷಣಗಳು ಎರಡು, ದಿಕ್ಕು ಬೇರೆ ಬೇರೆ. ‘ಕಂಟೆಂಪ್ಚುಅಸ್’ ಎಂದರೆ ತಿರಸ್ಕಾರ ತೋರುವ. ‘ಕಂಟೆಂಪ್ಟಿಬಲ್’ ಎಂದರೆ ತಿರಸ್ಕಾರಕ್ಕೆ ಯೋಗ್ಯವಾದ, ಹೇಯ. ದುರ್ಬಲರನ್ನು ಕಂಡು ತುಟಿ ಕೊಂಕಿಸುವವನ ನೋಟ ಮೊದಲನೆಯದು, ಅದನ್ನು ನೋಡಿದವರಿಗೆ ಅವನ ನಡತೆ ಎರಡನೆಯದಾಗಿ ಕಾಣಬಹುದು. ಪರೀಕ್ಷೆಗಳಲ್ಲೂ ಬರಹಗಳಲ್ಲೂ ಇವೆರಡು ಅದಲುಬದಲಾಗುವುದು ತೀರಾ ಸಾಮಾನ್ಯ.

ಕನ್ನಡಕ್ಕೆ ತರುವಾಗ ‘ತಿರಸ್ಕಾರ’ವನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಅರ್ಜಿ, ಪ್ರಸ್ತಾವ ತಳ್ಳಿಹಾಕುವುದಕ್ಕೂ ನಾವು ಅದನ್ನೇ ಬಳಸುತ್ತೇವೆ. ‘ಆಕೆ ಅವನನ್ನು ತಿರಸ್ಕರಿಸಿದಳು’ ಎಂದರೆ ಒಲ್ಲೆ ಎಂದಳೋ, ಕೀಳಾಗಿ ಕಂಡಳೋ ತಿಳಿಯದು. ವ್ಯಕ್ತಿಗಳ ನಡುವಿನ ಸಂದರ್ಭಕ್ಕೆ ‘ಹೀನಾಯವಾಗಿ ಕಂಡಳು’, ‘ತುಚ್ಛವಾಗಿ ಕಂಡಳು’ ಸ್ಪಷ್ಟ. ‘ತಾತ್ಸಾರ’, ‘ಅಸಡ್ಡೆ’ಗಳು ಹಗುರ, ಅವುಗಳಲ್ಲಿ ಅಲಕ್ಷ್ಯವಿದೆಯೇ ಹೊರತು ತೀರ್ಪಿಲ್ಲ. ನಿಯಮಗಳ ವಿಷಯಕ್ಕೆ ‘ಕ್ಯಾರೇ ಎನ್ನಲಿಲ್ಲ’ ಎಂಬ ಆಡುಮಾತು ಚೆನ್ನಾಗಿ ಒಪ್ಪುತ್ತದೆ. ‘ಬಿನೀತ್ ಕಂಟೆಂಪ್ಟ್’ ಎಂಬುದಕ್ಕೆ ‘ತಿರಸ್ಕಾರದ ಕೆಳಗೆ’ ಎಂದು ಪದಕ್ಕೆ ಪದ ಇಟ್ಟರೆ ಅರ್ಥವೇ ಆಗದು. ‘ಛೀ ಎನ್ನಲೂ ಯೋಗ್ಯವಲ್ಲದ ಕೃತ್ಯ’ ಎಂದರೆ ಸರಿಹೋಗುತ್ತದೆ.