ಚೈನ್ ಹಿಗ್ಗಿತು ಅಂತೀವಲ್ಲ, ನಿಜಕ್ಕೂ ಹಿಗ್ಗುತ್ತಾ?

ಕಬ್ಬು ಕಡಿಯುವ ಕಾಲ ಬಂತೆಂದರೆ ಮಂಡ್ಯದ ಕಡೆ ರಸ್ತೆಗಳ ಬಣ್ಣವೇ ಬೇರೆ. ಗದ್ದೆಯಿಂದ ಏರಿ ಬಂದ ಟ್ರ್ಯಾಕ್ಟರ್ ಚಕ್ರದ ಕೆಸರು ಟಾರಿನ ಮೇಲೆ ಬಿದ್ದು, ಒಣಗಿ, ಪುಡಿಯಾಗಿ, ಹಿಂದೆ ಬರುವ ಬೈಕಿನವನ ಕಣ್ಣಿಗೂ ಸೇರುತ್ತದೆ, ಚೈನಿಗೂ ಸೇರುತ್ತದೆ. ಕಣ್ಣನ್ನು ಉಜ್ಜಿಕೊಳ್ಳುತ್ತೇವೆ. ಚೈನನ್ನು ಯಾರೂ ಬಗ್ಗಿ ನೋಡುವುದಿಲ್ಲ.

ನಾನೂ ನೋಡುತ್ತಿರಲಿಲ್ಲ. ಒಂದು ಸಂಜೆ ಪಾಂಡವಪುರದಿಂದ ವಾಪಸ್ ಬರುವಾಗ ನಾಲೆ ಏರಿಯ ಮೇಲೆ ಗಾಡಿ ನಿಂತೇ ಹೋಯಿತು. ಇಂಜಿನ್ ಓಡುತ್ತಿದೆ, ಗೇರೂ ಬಿದ್ದಿದೆ, ಚಕ್ರ ಮಾತ್ರ ತಿರುಗುತ್ತಿಲ್ಲ. ನೋಡಿದರೆ ಚೈನ್ ಕಳಚಿ ಜೋತಾಡುತ್ತಿದೆ. ಹೇಗೋ ಹಲ್ಲಿಗೆ ಕೂರಿಸಿಕೊಂಡು ಅಂಗಡಿಗೆ ಹೋದರೆ ಒಂದೇ ಮಾತು: ‘ಇಗ್ಗೋಗದೆ ಸಾ, ಎಳ್ದ್ ಕೊಡ್ತೀನಿ.’ ಎಳೆದೇ ಕೊಟ್ಟರು. ಮೀಟಿದರೆ ತಂಬೂರಿ ತಂತಿಯ ಹಾಗೆ ನಾದ ಬರಬೇಕು, ಅಷ್ಟು ಬಿಗಿ. ತಿಂಗಳೊಪ್ಪತ್ತಿನಲ್ಲಿ ಹಿಂದಿನ ಚಕ್ರದ ಬೇರಿಂಗ್ ಗುಂಯ್ ಅನ್ನತೊಡಗಿತು.

ಆಮೇಲೆ ಗೊತ್ತಾಗಿದ್ದು, ಚೈನ್ ಹಿಗ್ಗುವುದೇ ಇಲ್ಲ. ಅದು ರಬ್ಬರ್ ಅಲ್ಲ, ಉಕ್ಕು. ನಾವು ದಿನಾ ಓಡಿಸುವ ಬಹಳಷ್ಟು ಬೈಕುಗಳಲ್ಲಿ ಇರುವುದು 428 ಅನ್ನುವ ಅಳತೆಯ ಚೈನು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಸರಿಯಾಗಿ ಅರ್ಧ ಇಂಚು. ಪಿನ್ನಿನ ಸುತ್ತ ಬುಷ್ ಅನ್ನುವ ಒಂದು ಸಣ್ಣ ಕೊಳವೆ, ಬುಷ್ ಮೇಲೆ ತಿರುಗುವ ರೋಲರ್. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಪೇಟೆಂಟ್ ಮಾಡಿಸಿದ ಏರ್ಪಾಡು ಇದು. ಇವತ್ತಿಗೂ ಮೂಲ ರಚನೆ ಅದೇ.

ಸವೆಯುವುದು ಪಿನ್ನು ಬುಷ್ಷಿನ ನಡುವೆ, ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ. ಒಂದು ಕೊಂಡಿಗೆ 0.1 ಮಿಲಿಮೀಟರ್ ಸವೆಯಿತು ಅನ್ನಿ. ತಲೆಗೂದಲಿನಷ್ಟು ದಪ್ಪ, ಏನು ಮಹಾ? ಆದರೆ ಚೈನಿನಲ್ಲಿ 120 ಕೊಂಡಿ ಇದ್ದರೆ ಒಟ್ಟು 12 ಮಿಲಿಮೀಟರ್! ಹೆಚ್ಚುಕಮ್ಮಿ ಒಂದು ಇಡೀ ಕೊಂಡಿಯೇ ಜಾಸ್ತಿ ಆದ ಹಾಗೆ. ಅದನ್ನೇ ನಾವು ಹಿಗ್ಗಿತು ಅನ್ನುವುದು. ಎಳೆದು ಬಿಗಿ ಮಾಡಿದರೆ ಜೋಲುವುದು ನಿಲ್ಲುತ್ತದೆ, ಸವೆದ ಪಿನ್ನು ಮತ್ತೆ ದಪ್ಪ ಆಗುವುದಿಲ್ಲ. ಕೊಂಡಿಯ ಅಂತರ ಜಾಸ್ತಿಯಾದ ಚೈನು ಸ್ಪ್ರಾಕೆಟ್ಟಿನ, ಅಂದರೆ ಅದು ಸುತ್ತುವ ಹಲ್ಲುಚಕ್ರದ, ಹಲ್ಲಿನ ಬುಡದಲ್ಲಿ ಕೂರದೆ ಮೇಲೆ ಹತ್ತುತ್ತದೆ, ಹಲ್ಲನ್ನೂ ಕೊಕ್ಕೆಯ ಹಾಗೆ ಕೊರೆಯುತ್ತದೆ. ಅದಕ್ಕೇ ಚೈನೊಂದನ್ನೇ ಬದಲಾಯಿಸಿ ದುಡ್ಡು ಉಳಿಸುವ ಲೆಕ್ಕ ಕೈಕೊಡುತ್ತದೆ. ಹಳೆ ಹಲ್ಲು ಹೊಸ ಚೈನನ್ನು ತಿಂದುಹಾಕುತ್ತದೆ.

ಸವೆಸುವವರು ಯಾರು? ಧೂಳು. ಎಣ್ಣೆಯ ಜೊತೆ ಸೇರಿದರೆ ಅದು ಲೋಹವನ್ನೇ ಸವೆಸುವ, ಗ್ಯಾರೇಜಿನವರು ವಾಲ್ವ್ ಉಜ್ಜುವ ಪೇಸ್ಟೇ ಸೈ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಹಳೆ ಜಾವಾ ಬೈಕ್ ನೋಡಿದ್ದೀರಾ? ಅದರ ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಇತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೂ ಆ ಪೆಟ್ಟಿಗೆಯ ಬುದ್ಧಿವಂತಿಕೆಗೆ ನನ್ನದೊಂದು ಸಲಾಂ. ಈಗಿನ ಸ್ಟೈಲಿನ ಬೈಕುಗಳಲ್ಲಿ ಚೈನು ಬರಿಮೈಯಲ್ಲಿ ಓಡಾಡುತ್ತದೆ. ಚೆನ್ನಾಗಿ ಕಾಣುತ್ತದಂತೆ.

ಸುಮಾರು 500 ಕಿಲೋಮೀಟರಿಗೆ ಒಂದು ಸಲ ಅರ್ಧ ಗಂಟೆ ಕೊಟ್ಟರೆ ಸಾಕು. ಸೀಮೆಎಣ್ಣೆ ಅದ್ದಿದ ಹಳೆ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, 90 ನಂಬರ್ ಗೇರ್ ಆಯಿಲನ್ನು ಚೈನಿನ ಒಳಮಗ್ಗುಲಿಗೆ ಹನಿ ಹನಿಯಾಗಿ ಬಿಡಬೇಕು. ಓಡುವಾಗ ಅದು ತಾನಾಗಿಯೇ ಹೊರಕ್ಕೆ ಹರಡುತ್ತದೆ. ಕೊಂಡಿಗಳ ನಡುವೆ ಓ ರಿಂಗ್ ಅನ್ನುವ ರಬ್ಬರ್ ಬಳೆ ಇರುವ ಚೈನಿಗೆ ಪೆಟ್ರೋಲ್ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ. ಅಂಗಡಿಯಲ್ಲಿ ಸುಮ್ನೆ ಸುರಿಯುವ, ಇಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಕೂಡ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಇನ್ನೊಂದು ಮಾತು, ಇಂಜಿನ್ ಓಡಿಸಿಕೊಂಡು ಚೈನ್ ಒರೆಸಬಾರದು. ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ.

ಬಿಗಿ ಎಷ್ಟಿರಬೇಕು? ಕೆಳಗಿನ ಚೈನನ್ನು ಮಧ್ಯದಲ್ಲಿ ಹಿಡಿದು ಎತ್ತಿ ಇಳಿಸಿದರೆ ಸಾಮಾನ್ಯ ಬೈಕಿನಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಗಾಡಿಯ ಸರಿ ಅಳತೆ ಅದರ ಪುಸ್ತಕದಲ್ಲಿರುತ್ತದೆ. ಈ ಸಡಿಲ ಸುಮ್ಮನೆ ಅಲ್ಲ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಅನ್ನುವ ತೋಳು ತಿರುಗುವ ಬೋಲ್ಟ್ ಒಂದು ಕಡೆ, ಮುಂದಿನ ಸ್ಪ್ರಾಕೆಟ್ ಅದಕ್ಕಿಂತ ಸ್ವಲ್ಪ ಮುಂದೆ. ಹಿಂದೆ ಯಾರೋ ಕೂತು ಅಥವಾ ಒಂದು ಮೂಟೆ ಅಕ್ಕಿ ಹೇರಿ ಗುಂಡಿಗೆ ಇಳಿದಾಗ ಚಕ್ರ ಮೇಲೇಳುತ್ತದೆ. ಮುಂದಿನ ಸ್ಪ್ರಾಕೆಟ್, ಬೋಲ್ಟ್, ಹಿಂದಿನ ಚಕ್ರದ ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಖಾಲಿ ನಿಂತಾಗಲೇ ಬಿಗಿ ಇದ್ದರೆ ಆ ಹೊತ್ತಿನಲ್ಲಿ ಎಳೆತವೆಲ್ಲ ಬೇರಿಂಗಿನ ಮೇಲೆ. ನನ್ನ ಗಾಡಿಯ ಗುಂಯ್ ಶಬ್ದದ ಕಥೆ ಇಷ್ಟೇ. ಚೈನ್ ಎಳೆದ ಮೇಲೆ ಹಿಂದಿನ ಡ್ರಮ್ ಬ್ರೇಕನ್ನೂ ನೋಡಿ. ಚಕ್ರ ಹಿಂದಕ್ಕೆ ಸರಿದರೆ ಬ್ರೇಕಿನ ಕಡ್ಡಿ ಎಳೆದುಕೊಂಡು ಬ್ರೇಕ್ ಹಿಡಿದೇ ಇರುತ್ತದೆ.

ಅದೇ ಧೂಳು ಇಂಜಿನ್ನಿನ ಮೂಗಿಗೂ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9000 ಲೀಟರ್ ಗಾಳಿ ಬೇಕು. ಅಷ್ಟನ್ನೂ ಸೋಸುವುದು ಅಂಗೈಯಗಲದ ಏರ್ ಫಿಲ್ಟರ್. ಹಳ್ಳಿ ರಸ್ತೆಯಲ್ಲೇ ಓಡಾಡುವವರು ಪುಸ್ತಕ ಹೇಳುವುದಕ್ಕಿಂತ ಮೊದಲೇ ಅದನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಚೈನ್ ಮುಗಿದಿದೆಯೋ ಇಲ್ಲವೋ ನೋಡಲು ಸುಲಭದ ಪರೀಕ್ಷೆ ಇದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಂಡರೆ ಚೈನು, ಎರಡು ಸ್ಪ್ರಾಕೆಟ್ ಸೇರಿ ಪೂರ್ತಿ ಸೆಟ್ ಬದಲಾಯಿಸುವ ಕಾಲ ಬಂದಿದೆ. ನಾನು ಎಳೆದಾಗ ಅರ್ಧಕ್ಕಿಂತ ಜಾಸ್ತಿಯೇ ಕಂಡಿತು. ಮುಂದಿನ ಸ್ಪ್ರಾಕೆಟ್ಟಿನ ಮುಚ್ಚಳ ಬಿಚ್ಚಿದರೆ ಒಳಗೆ ಕಪ್ಪು ಗ್ರೀಸಿನಲ್ಲಿ ನೆಂದು ಸುತ್ತಿಕೊಂಡ ಒಂದು ಹಿಡಿ ಹುರುಳಿ ಹುಲ್ಲು. ಯಾರದೋ ಊರ ಮುಂದೆ ರಸ್ತೆಯ ಮೇಲೇ ಒಕ್ಕಣೆಗೆ ಹರಡಿದ್ದರಲ್ಲ, ಆವತ್ತು ಅದರ ಮೇಲೇ ಓಡಿಸಿಕೊಂಡು ಬಂದಿದ್ದೆ.